ಆತಂಕವೋ, ಖಿನ್ನತೆಯೋ: ಎರಡು ನಿಮಿಷದ ಓಪಿಡಿಯಲ್ಲಿ ತಪ್ಪಿಹೋಗುವ ಪ್ರಶ್ನೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಯಾವುದೇ ತಾಲ್ಲೂಕು ಆಸ್ಪತ್ರೆಯ ಓಪಿಡಿ ಮುಂದೆ ಅರ್ಧ ದಿನ ಕೂತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಎದಿ ಡವಡವ ಅಂತೈತ್ರಿ, ಕೈಕಾಲು ಜುಮ್ಮು ಹಿಡಿತಾವ, ರಾತ್ರಿ ನಿದ್ದಿ ಹತ್ತವಲ್ದು." ವೈದ್ಯರು ಬಿಪಿ ನೋಡುತ್ತಾರೆ, ಇಸಿಜಿ ಮಾಡಿಸುತ್ತಾರೆ. ಎರಡೂ ಸರಿಯಿದ್ದರೆ "ಏನಿಲ್ಲಮ್ಮ, ಟೆನ್ಷನ್ ಮಾಡ್ಕೋಬ್ಯಾಡ" ಎನ್ನುತ್ತಾರೆ. ಗ್ಯಾಸಿಗೆ ಒಂದು, ಶಕ್ತಿಗೆ ಒಂದು, ನಿದ್ದೆಗೆ ಒಂದು ಗುಳಿಗೆ ಬರೆಯುತ್ತಾರೆ. ಕೆಲವರು ತಾವೇ ಕೇಳಿ ಒಂದು ಸಲೈನ್ ಹಚ್ಚಿಸಿಕೊಂಡು ಊರಿಗೆ ಹೋಗುತ್ತಾರೆ.

ಹೊರಗೆ ಅಷ್ಟುದ್ದ ಸಾಲು ನಿಂತಿರುವಾಗ ಒಬ್ಬ ವೈದ್ಯರು ಒಬ್ಬರಿಗೆ ಎಷ್ಟು ಹೊತ್ತು ಕೊಡಬಲ್ಲರು? ಅದು ನಿಜವಾದ ಕಷ್ಟ. ಆದರೆ ಆ ಎರಡು ನಿಮಿಷದಲ್ಲಿ ಒಂದು ಪ್ರಶ್ನೆ ಉಳಿದುಹೋಗುತ್ತದೆ. ಇದು ಆತಂಕದ ಕಾಯಿಲೆಯೋ, ಖಿನ್ನತೆಯೋ, ಎರಡೂ ಸೇರಿದೆಯೋ? ಇದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಬಿಟ್ಟ ವಿಚಾರ ಎಂದು ಹಲವರು ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಕಡೆ ಹೆಚ್ಚಿನವರು ಮೊದಲು ಬರುವುದೇ ಈ ಓಪಿಡಿಗೆ. ಹಾಗಾಗಿ ಈ ಪ್ರಶ್ನೆಗೂ ಇಲ್ಲೇ ಜಾಗ ಸಿಗಬೇಕು.

ಎರಡನ್ನೂ ಬೇರೆ ಮಾಡುವುದು ಸುಲಭವಲ್ಲ. ಮನೋವೈದ್ಯರು ಜಗತ್ತಿನಾದ್ಯಂತ ಬಳಸುವ ಕೈಪಿಡಿಗಳಲ್ಲಿ ಒಂದು ಅಮೆರಿಕದ ಡಿಎಸ್‌ಎಂ-5. ಅದು 2013ರಲ್ಲಿ ಬಂತು. ಖಿನ್ನತೆಗೆ ಅದು ಒಂಬತ್ತು ಲಕ್ಷಣ ಹೇಳುತ್ತದೆ. ಅವುಗಳಲ್ಲಿ ಐದಾದರೂ ಎರಡು ವಾರ ಇರಬೇಕು. ಆ ಐದರಲ್ಲಿ ಕುಗ್ಗಿದ ಮನಸ್ಸು ಅಥವಾ ಆಸಕ್ತಿ ಹೋಗಿರುವುದು, ಈ ಎರಡರಲ್ಲಿ ಒಂದು ಇರಲೇಬೇಕು. ಸದಾ ಚಿಂತೆ ಕಾಡುವ ಆತಂಕದ ಕಾಯಿಲೆಗೆ ಆರು ಲಕ್ಷಣ ಇವೆ. ಅವುಗಳಲ್ಲಿ ಮೂರಾದರೂ ಇರಬೇಕು, ಚಿಂತೆ ಕಡಿಮೆಯೆಂದರೂ ಆರು ತಿಂಗಳು ಇರಬೇಕು. ಈಗ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ನಿದ್ದೆ ಕೆಡುವುದು ಎರಡರಲ್ಲೂ ಇದೆ. ಸುಸ್ತು ಎರಡರಲ್ಲೂ ಇದೆ. ಯಾವುದರ ಮೇಲೂ ಗಮನ ನಿಲ್ಲದಿರುವುದು ಎರಡರಲ್ಲೂ ಇದೆ. ಕೂತಲ್ಲಿ ಕೂರಲಾಗದ ಚಡಪಡಿಕೆಯೂ ಎರಡರಲ್ಲೂ ಬರಬಹುದು. ಅಂದರೆ ರೋಗಿ ತಾನಾಗಿ ಹೇಳುವ ಮಾತುಗಳಲ್ಲಿ ಅರ್ಧ, ಯಾವ ಕಾಯಿಲೆ ಎಂದು ಹೇಳುವುದೇ ಇಲ್ಲ.

ತಜ್ಞರೂ ಇಲ್ಲಿ ಎಡವುತ್ತಾರೆ. ಡಿಎಸ್‌ಎಂ-5 ಹೊರಬರುವ ಮೊದಲು ಅಮೆರಿಕ ಮತ್ತು ಕೆನಡಾದಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿದರು. ಒಬ್ಬನೇ ರೋಗಿಯನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ನೋಡಬೇಕು, ಆಮೇಲೆ ಅವರ ತೀರ್ಮಾನ ಎಷ್ಟು ಹೊಂದುತ್ತದೆ ಎಂದು ಅಳೆಯಬೇಕು. ಪೂರ್ತಿ ಹೊಂದಿದರೆ 1. ಬರೀ ಅದೃಷ್ಟದಿಂದ ಹೊಂದಿದಷ್ಟೇ ಆದರೆ 0. ಖಿನ್ನತೆಗೆ ಸಿಕ್ಕ ಅಂಕ 0.28. ಚಿಂತೆಯ ಕಾಯಿಲೆಗೆ 0.20. ವಾಸ್ತವದ ಅರಿವೇ ತಪ್ಪುವ ತೀವ್ರ ಮನೋರೋಗ ಸ್ಕಿಜೋಫ್ರೇನಿಯಾಗೆ 0.46 ಬಂದಿತ್ತು. ಗಂಟೆಗಟ್ಟಲೆ ಮಾತಾಡಿಸುವ ತಜ್ಞರ ಕತೆಯೇ ಇದು. ಸಿಂಧನೂರಲ್ಲೋ ಕುಷ್ಟಗಿಯಲ್ಲೋ ಒಬ್ಬ ವೈದ್ಯರು ಎರಡು ನಿಮಿಷದಲ್ಲಿ ಹೇಳಿಬಿಡಬೇಕು ಎಂದರೆ ಹೇಗೆ?

ಜೊತೆಗೆ, ಎರಡೂ ಒಟ್ಟಿಗೇ ಬರುವುದು ಬಹಳ ಸಾಮಾನ್ಯ. ಖಿನ್ನತೆ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಆತಂಕದ ಕಾಯಿಲೆಯೂ ಇರುತ್ತದೆ. ಹೆಚ್ಚಾಗಿ ಆತಂಕ ಮೊದಲು, ಹರೆಯದಲ್ಲೇ ಶುರುವಾಗುತ್ತದೆ. ವರ್ಷಗಟ್ಟಲೆ ಹೆದರಿ ಹೆದರಿ ದಣಿದ ಮನಸ್ಸಿಗೆ ಆಮೇಲೆ ಖಿನ್ನತೆ ಹತ್ತಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 2022ರ ಜನವರಿಯಲ್ಲಿ ಜಾರಿಗೆ ಬಂತು. ಎರಡರ ಲಕ್ಷಣವೂ ಇದ್ದು, ಯಾವುದೂ ಪೂರ್ತಿ ಅಳತೆ ಮುಟ್ಟದ ಸ್ಥಿತಿಗೆ ಅದರಲ್ಲೂ ಒಂದು ಜಾಗ ಇದೆ. ಹಿಂದಿನ ಪಟ್ಟಿಯಲ್ಲಿ ಆ ಮಿಶ್ರ ಸ್ಥಿತಿ ಆತಂಕದ ಗುಂಪಿನಲ್ಲಿತ್ತು. ಹೊಸದರಲ್ಲಿ ಅದನ್ನು ಖಿನ್ನತೆಯ ಗುಂಪಿಗೆ ತಂದರು. ಈ ಬದಲಾವಣೆ ನನಗೆ ಸರಿ ಎನ್ನಿಸುತ್ತದೆ. ಎರಡೂ ಇದ್ದಾಗ ಮೊದಲು ಖಿನ್ನತೆಯ ಕಡೆ ಕಣ್ಣಿಡುವ ಅಭ್ಯಾಸ ಜೀವ ಉಳಿಸಬಹುದು.

ಚಿಂತೆಯೆಲ್ಲ ಕಾಯಿಲೆಯಲ್ಲ

ಇನ್ನೂ ಮುಂದೆ ಹೋಗುವ ಮೊದಲು ಒಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟ್ ಕೊಚ್ಚಿಹೋಯಿತು. ಗಂಗಾವತಿ, ಕಾರಟಗಿ, ಸಿರುಗುಪ್ಪ, ಸಿಂಧನೂರು, ಮಾನ್ವಿವರೆಗೆ ಭತ್ತದ ರೈತರ ಮನೆಗಳಲ್ಲಿ ಯಾರು ತಾನೇ ನಿದ್ದೆ ಮಾಡಿಯಾರು? ಡ್ಯಾಂ ಖಾಲಿಯಾದರೆ ಬೆಳೆ ಏನಾಗಬೇಕು, ಸಾಲ ಏನಾಗಬೇಕು? ಎದೆ ಹೊಡೆದುಕೊಂಡಿತು, ಊಟ ಸೇರಲಿಲ್ಲ. ವಾರದ ಸುಮಾರಿಗೆ ತಾತ್ಕಾಲಿಕ ಗೇಟ್ ಕೂರಿಸಿ ನೀರು ನಿಲ್ಲಿಸಿದರು. ಜನರ ಎದೆಬಡಿತವೂ ಇಳಿಯಿತು. ಇದು ಕಾಯಿಲೆಯಲ್ಲ. ಕಾರಣ ಕಣ್ಣ ಮುಂದಿದೆ, ಚಿಂತೆ ಕಾರಣಕ್ಕೆ ತಕ್ಕಷ್ಟಿದೆ, ಕಾರಣ ಹೋದಾಗ ಅದೂ ಹೋಗುತ್ತದೆ.

ನೀರು ನಿಂತ ಮೇಲೂ ಚಿಂತೆ ನಿಲ್ಲದಿದ್ದರೆ ಆಗ ನೋಡಬೇಕು. ಇವತ್ತು ಗೇಟು, ನಾಳೆ ಮಗಳ ಬಸ್ಸು, ನಾಡಿದ್ದು ಹೊಟ್ಟೆಯ ಸಣ್ಣ ನೋವು ಕ್ಯಾನ್ಸರ್ ಇದ್ದರೆ ಎಂಬ ಭಯ. ಹೀಗೆ ಚಿಂತೆ ಒಂದರಿಂದ ಒಂದಕ್ಕೆ ಹಾರುತ್ತಾ ತಿಂಗಳುಗಟ್ಟಲೆ ಉಳಿದು, ಮಾಡುವ ಕೆಲಸ ಕೆಡಿಸಿದರೆ ಅದು ಆತಂಕದ ಕಾಯಿಲೆ. ದುಃಖದ ಲೆಕ್ಕವೂ ಇದೇ. ಬೆಳೆ ಹೋದಾಗ, ಮನೆಯ ಹಿರಿಯರು ತೀರಿದಾಗ ಅಳು ಬರಬೇಕು. ಬಡತನಕ್ಕೆ, ಸಾಲದ ಕಾಟಕ್ಕೆ ಗುಳಿಗೆ ಮದ್ದಲ್ಲ. ಕಿರುಸಾಲದವರ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಕಂತಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಹೆಂಗಸಿಗೆ ಮೊದಲು ಬೇಕಾಗಿರುವುದು ಆ ಕಾಟದಿಂದ ಬಿಡುಗಡೆ. ಹಾಗಂತ "ಕಷ್ಟ ಐತಲ್ಲ, ಅದಕ್ಕ ಹಂಗಾಗೈತಿ" ಎಂದು ಕೈಬಿಡುವುದೂ ತಪ್ಪು. ಕಾರಣ ನಿಜವಿದ್ದರೂ ಖಿನ್ನತೆ ನಿಜವೇ. ಅದಕ್ಕೂ ಚಿಕಿತ್ಸೆ ಬೇಕು.

ಜಾತ್ರೆಗೆ ಹೋಗದ ಇಬ್ಬರು

ಹಾಗಾದರೆ ವ್ಯತ್ಯಾಸ ಎಲ್ಲಿ ಸಿಗುತ್ತದೆ? 1991ರಲ್ಲಿ ಲೀ ಅನ್ನಾ ಕ್ಲಾರ್ಕ್ ಮತ್ತು ಡೇವಿಡ್ ವಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಉಪಯುಕ್ತ ನಕ್ಷೆ ಕೊಟ್ಟರು. ಒಳಗಿನ ಸಂಕಟ ಎರಡೂ ಕಾಯಿಲೆಗೆ ಸಮಾನ. ದೇಹ ಸದಾ ಅಪಾಯಕ್ಕೆ ಸಜ್ಜಾಗಿ ನಿಲ್ಲುವುದು, ಅಂದರೆ ಎದೆಬಡಿತ, ಬೆವರು, ನಡುಕ, ಇದು ಆತಂಕದ ಗುರುತು. ಸಂತೋಷ ಪಡುವ ಶಕ್ತಿಯೇ ಬತ್ತಿಹೋಗುವುದು ಖಿನ್ನತೆಯ ಗುರುತು. ಈ ನಕ್ಷೆ ಪೂರ್ತಿ ನಿಖರವಲ್ಲ. ಎದೆಬಡಿತ ಪ್ಯಾನಿಕ್‌ನಲ್ಲಿ, ಅಂದರೆ ಇದ್ದಕ್ಕಿದ್ದಂತೆ ಬರುವ ತೀವ್ರ ಗಾಬರಿಯಲ್ಲಿ, ಎದ್ದು ಕಾಣುತ್ತದೆ, ಬರೀ ಚಿಂತೆಯ ಕಾಯಿಲೆಯಲ್ಲಿ ಅಷ್ಟಾಗಿ ಇರುವುದಿಲ್ಲ. ಆದರೂ ಓಪಿಡಿಯಲ್ಲಿ ಕೂತವರಿಗೆ ಇದರಿಂದ ಒಂದು ದಾರಿ ಸಿಗುತ್ತದೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನೇ ತೆಗೆದುಕೊಳ್ಳಿ. ತೇರಿನ ದಿನ ಲಕ್ಷಾಂತರ ಜನ ಸೇರುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಈ ವರ್ಷ ಹೋಗಲಿಲ್ಲ ಎಂದುಕೊಳ್ಳೋಣ. ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಒಬ್ಬಳು ಹೇಳುತ್ತಾಳೆ: "ಹೋಗ್ಬೇಕಂತ ಭಾಳ ಆಸೆ ಐತ್ರಿ. ಆದ್ರ ಆ ಗದ್ದಲದಾಗ ಉಸುರು ಕಟ್ಟಿದ್ರ? ತಲಿ ತಿರುಗಿ ಬಿದ್ರ ಯಾರು ನೋಡ್ಬೇಕು?" ಇನ್ನೊಬ್ಬಳು ನೆಲ ನೋಡುತ್ತಾ ಹೇಳುತ್ತಾಳೆ: "ಹೋಗಿ ಏನ್ ಮಾಡೋದೈತ್ರಿ. ಯಾತಕ್ಕೂ ಮನಸ್ಸಿಲ್ಲ." ಮೊದಲನೆಯವಳಿಗೆ ಆಸೆ ಇದೆ, ಭಯ ಅಡ್ಡ ಬಂದಿದೆ. ಎರಡನೆಯವಳಿಗೆ ಆಸೆಯೇ ಇಲ್ಲ. ಹೊರಗಿನಿಂದ ನೋಡುವ ಮನೆಯವರಿಗೆ ಇಬ್ಬರೂ ಒಂದೇ, "ಮನಿ ಬಿಟ್ಟು ಹೊರಗ ಬರವಲ್ಲಳು" ಅಷ್ಟೆ.

ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಅತಿ ಬೆಲೆಬಾಳುವ ಪ್ರಶ್ನೆ ಇದು: "ಮೊದಲ ಯಾವುದ್ರಾಗ ಖುಷಿ ಸಿಗ್ತಿತ್ತು? ಈಗ ಅದ್ರಾಗ ಮನಸ್ಸು ಐತೇನು?" ಕೇಳಲು ಅರ್ಧ ನಿಮಿಷ ಸಾಕು. ಹಬ್ಬಕ್ಕೆ ಹೋಳಿಗೆ ಮಾಡುವುದು, ಮೊಮ್ಮಗನನ್ನು ಎತ್ತಿಕೊಳ್ಳುವುದು, ಹೊಲಕ್ಕೆ ಒಂದು ಸುತ್ತು ಹೋಗಿ ಬರುವುದು, ಮೊಬೈಲಲ್ಲಿ ಕ್ರಿಕೆಟ್ ನೋಡುವುದು. ಇವೆಲ್ಲ ಈಗ ಸಪ್ಪೆಯಾಗಿವೆಯಾ? ಈ ಉತ್ತರ ರೋಗಿ ತಾನಾಗಿ ಕೊಡುವುದಿಲ್ಲ. ಎದೆಬಡಿತಕ್ಕೆ ಆಸ್ಪತ್ರೆಗೆ ಬರಬಹುದು, ಖುಷಿ ಹೋಯಿತೆಂದು ಯಾರು ಚೀಟಿ ಮಾಡಿಸುತ್ತಾರೆ?

ಇದು ನಮ್ಮ ಕಡೆಯವರ ದಡ್ಡತನವೂ ಅಲ್ಲ. ಬೆಂಗಳೂರೂ ಸೇರಿದಂತೆ 14 ದೇಶಗಳ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಸಾಮಾನ್ಯ ವೈದ್ಯರ ಬಳಿ ಬಂದ ಖಿನ್ನತೆಯ ರೋಗಿಗಳಲ್ಲಿ ಶೇ 69ರಷ್ಟು ಜನ ಆಸ್ಪತ್ರೆಗೆ ಬಂದ ಕಾರಣವಾಗಿ ಹೇಳಿದ್ದು ಬರೀ ಮೈಯ ತೊಂದರೆ. ನೇರವಾಗಿ ಕೇಳಿದಾಗ ಅವರಲ್ಲಿ ಬಹುಪಾಲು ಜನ ಮನಸ್ಸಿನ ಲಕ್ಷಣಗಳನ್ನೂ ಒಪ್ಪಿಕೊಂಡರು. ಕೇಳಿದರೆ ಹೇಳುತ್ತಾರೆ. ಹಾಗಾಗಿ ಮೈಯ ದೂರು ಇದ್ದ ಮಾತ್ರಕ್ಕೆ ಆತಂಕ ಎಂದು ಹಣೆಪಟ್ಟಿ ಹಚ್ಚುವುದೂ ತಪ್ಪು. ಜ್ವರ ಬಂದವರಿಗೆಲ್ಲ ಮಲೇರಿಯಾ ಎನ್ನುವುದಿಲ್ಲ, ಎದೆಬಡಿತಕ್ಕೂ ಅದೇ ಎಚ್ಚರ ಬೇಕು.

ನಿದ್ದೆಯನ್ನು ಬಿಡಿಸಿ ಕೇಳಿದರೆ ಇನ್ನಷ್ಟು ಸಿಗುತ್ತದೆ. "ನಿದ್ದೆ ಇಲ್ಲ" ಎಂಬುದರಲ್ಲಿ ಎರಡು ಬಗೆ ಇವೆ. ಮಲಗಿದ ಮೇಲೆ ತಲೆಯಲ್ಲಿ ನಾಳೆಯ ಚಿಂತೆ ಓಡಿ, ನಿದ್ದೆ ಹತ್ತಲು ಹನ್ನೆರಡು, ಒಂದು ಗಂಟೆಯಾದರೆ ಅದು ಹೆಚ್ಚಾಗಿ ಆತಂಕದ ಕಡೆ ಬೆರಳು ಮಾಡುತ್ತದೆ. ನಿದ್ದೆ ಹತ್ತುತ್ತದೆ, ಆದರೆ ಬೆಳಗಿನ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗಿ ಮತ್ತೆ ಬರುವುದೇ ಇಲ್ಲ, ಆ ಹೊತ್ತಲ್ಲೇ ಮನಸ್ಸು ತೀರಾ ಭಾರ, ಸಂಜೆಗೆ ಸ್ವಲ್ಪ ಹಗುರ. ಹೀಗಿದ್ದರೆ ಗಂಭೀರ ಖಿನ್ನತೆಯ ಅನುಮಾನ ಬರಬೇಕು. ಯೋಚನೆಯ ದಿಕ್ಕೂ ಬೇರೆ. ಆತಂಕದವರು ಮುಂದೆ ಏನಾಗುತ್ತದೋ ಎಂದು ಹೆದರುತ್ತಾರೆ. ಖಿನ್ನತೆಯವರಿಗೆ ಎಲ್ಲ ಮುಗಿದೇ ಹೋಗಿದೆ. ತಪ್ಪೆಲ್ಲ ತನ್ನದೇ, ತಾನು ಮನೆಯವರಿಗೆ ಭಾರ ಎನ್ನುತ್ತಾರೆ. ಈ "ನಾನು ಭಾರ" ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಬೇಕು.

ನಿಂತು ಮುಂದಿನ ಪ್ರಶ್ನೆ ಕೇಳಬೇಕು. "ಜೀವ ಬ್ಯಾಡ ಅನಿಸೈತೇನವ್ವಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ವೈದ್ಯರಲ್ಲೂ ಇದೆ, ಮನೆಯವರಲ್ಲೂ ಇದೆ. ಅದು ನಿಜವಲ್ಲ. ಕೇಳಿದಾಗ ಬಹಳಷ್ಟು ಜನರಿಗೆ ಹೇಳಿಕೊಂಡು ಹಗುರಾಗುತ್ತದೆ. ಖಿನ್ನತೆಯ ಜೊತೆ ಜೋರು ಚಡಪಡಿಕೆ, ನಿದ್ದೆಗೇಡು ಸೇರಿದಾಗ ಅಪಾಯ ಜಾಸ್ತಿ. ನಮ್ಮದು ಹತ್ತಿ, ಮೆಣಸಿನಕಾಯಿ, ಭತ್ತದ ಸೀಮೆ. ಬೆಳೆಗೆ ಹೊಡೆಯುವ ಎಣ್ಣೆ ಮನೆಮನೆಯಲ್ಲೂ ಇರುತ್ತದೆ. ಅಂಥ ಮನೆಯವರಿಗೆ ಎಣ್ಣೆಯ ಡಬ್ಬಿಗಳನ್ನು ಬೀಗ ಹಾಕಿಡಿ ಅಥವಾ ಬೇರೆಯವರ ಕಡೆ ಕೊಟ್ಟಿಡಿ ಎಂದು ಅವತ್ತೇ ಹೇಳುವುದು ಚಿಕಿತ್ಸೆಯ ಭಾಗ.

ಪ್ಯಾನಿಕ್ ಅಟ್ಯಾಕ್ ಬಗ್ಗೆ ಒಂದೆರಡು ಮಾತು. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಈಗಲೇ ಸಾಯುತ್ತೇನೆ ಎನಿಸಿ, ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಮೊದಲ ಸಲ ಬಂದಾಗ ಹೃದಯದ ಪರೀಕ್ಷೆ ಆಗಲೇಬೇಕು, ಅದರಲ್ಲೂ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ. ಹೃದಯ ಸರಿಯಿದೆ ಎಂದಾದ ಮೇಲೆ "ಏನೂ ಇಲ್ಲ" ಎಂದು ಕಳಿಸಬಾರದು. ಏನಿದೆ ಎಂದು ಹೇಳಬೇಕು. ಇಲ್ಲದಿದ್ದರೆ ಆ ಮನುಷ್ಯ ಇನ್ನೊಂದು ಇಸಿಜಿಗೆ ಬಳ್ಳಾರಿಗೆ, ಮತ್ತೊಂದು ಸ್ಕ್ಯಾನಿಂಗಿಗೆ ಹೈದರಾಬಾದಿಗೆ ದುಡ್ಡು ಸುರಿಯುತ್ತಾ ತಿರುಗುತ್ತಾನೆ.

ಮನಸ್ಸಿನದ್ದು ಎಂದು ತೀರ್ಮಾನಿಸುವ ಮೊದಲು ಮೈಯನ್ನೂ ಸರಿಯಾಗಿ ನೋಡಬೇಕು. ಥೈರಾಯಿಡ್ ಜಾಸ್ತಿಯಾದರೆ ಎದೆಬಡಿತ, ನಡುಕ, ಬೆವರು ಬಂದು ಥೇಟ್ ಆತಂಕದ ಹಾಗೆ ಕಾಣುತ್ತದೆ. ಕಡಿಮೆಯಾದರೆ ಮಂಕು, ಸುಸ್ತು ಬಂದು ಖಿನ್ನತೆಯ ಹಾಗೆ ಕಾಣುತ್ತದೆ. ರಕ್ತ ಕಡಿಮೆ ಇರುವ ಹೆಂಗಸರಿಗೆ ಎದೆ ಹೊಡೆದುಕೊಳ್ಳುತ್ತದೆ, ಸುಸ್ತೂ ಇರುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಊಟ ತಪ್ಪಿಸಿದರೆ ಕೈನಡುಕ ಬರುತ್ತದೆ. ದಿನಾ ಕುಡಿಯುವವರು ಒಂದು ದಿನ ಬಿಟ್ಟರೂ ಬೆಳಗ್ಗೆ ನಡುಗುತ್ತಾರೆ, ಹೆದರುತ್ತಾರೆ. ಗಂಡಸರನ್ನು ಕುಡಿತದ ಬಗ್ಗೆ ಕೇಳದೆ ಆತಂಕ ಎಂದು ಬರೆಯಲೇಬಾರದು.

ಗುಳಿಗೆ ಒಂದೇ ಅಲ್ವಾ?

ಇಲ್ಲೊಂದು ನ್ಯಾಯವಾದ ಆಕ್ಷೇಪ ಇದೆ. ಎಸ್ಸಿಟಾಲೊಪ್ರಾಂ, ಸರ್ಟ್ರಾಲಿನ್ ತರಹದ ಗುಳಿಗೆಗಳನ್ನು ಎರಡಕ್ಕೂ ಕೊಡುತ್ತಾರೆ. ಮತ್ತೆ ಈ ವ್ಯತ್ಯಾಸಕ್ಕೆ ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು?

ಯಾಕೆಂದರೆ ಓಪಿಡಿಯಿಂದ ಹೊರಬರುವ ಚೀಟಿಯಲ್ಲಿ ಎಷ್ಟೋ ಸಲ ಈ ಗುಳಿಗೆ ಇರುವುದೇ ಇಲ್ಲ. ಇರುವುದು ಆಲ್ಪ್ರಜೋಲಾಂ ಅಥವಾ ಕ್ಲೊನಾಜೆಪಾಂ. ಇವು ಅರ್ಧ ಗಂಟೆ, ಒಂದು ಗಂಟೆಯಲ್ಲೇ ಎದೆಬಡಿತ ಇಳಿಸಿ ನಿದ್ದೆ ಬರಿಸುತ್ತವೆ. ಕೆಲವು ದಿನಕ್ಕೆ ಇವುಗಳ ಉಪಯೋಗ ಇದೆ. ಆದರೆ ಖಿನ್ನತೆಯನ್ನು ಇವು ವಾಸಿ ಮಾಡುವುದಿಲ್ಲ. ಖಿನ್ನತೆ ಇರುವ ಹೆಂಗಸಿಗೆ ಬರೀ ಇದನ್ನು ಕೊಟ್ಟರೆ ಏನಾಗುತ್ತದೆ ನೋಡಿ. ಎದೆಬಡಿತ ಇಳಿಯಿತು, ರಾತ್ರಿ ಮಲಗಿದಳು, ಮನೆಯವರು ಆರಾಮಾದಳು ಎಂದುಕೊಂಡರು. ಒಳಗಿನ ಕತ್ತಲೆ ಹಾಗೆಯೇ ಇದೆ. ಹೊರಗೆ ಕಾಣುತ್ತಿದ್ದ ಒಂದೇ ಗುರುತನ್ನೂ ನಾವು ಅಳಿಸಿಬಿಟ್ಟೆವು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತರುವ ವಿಷಯ.

ಆಮೇಲೆ ಹಳೆ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಅದೇ ಗುಳಿಗೆ ತಿಂಗಳುಗಟ್ಟಲೆ ತರುವುದು ಶುರುವಾಗುತ್ತದೆ. ಮೈ ಅದಕ್ಕೆ ಒಗ್ಗಿಬಿಡುತ್ತದೆ. ಒಂದು ದಿನ ಸಿಗದಿದ್ದರೆ ಮೊದಲಿಗಿಂತ ಜಾಸ್ತಿ ಗಾಬರಿ. ಬಹಳ ದಿನ ತಿಂದವರು ಇದನ್ನು ಓದಿ ತಕ್ಷಣ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ವೈದ್ಯರ ಬಳಿ ಹೋಗಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಎರಡಕ್ಕೂ ಕೊಡುವ ಗುಳಿಗೆಯಲ್ಲೂ ಎಚ್ಚರ ಬೇರೆ ಬೇರೆ. ಅವು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಆತಂಕ ಜಾಸ್ತಿ ಇರುವವರಿಗೆ ಮೊದಲ ಕೆಲವು ದಿನ ಚಡಪಡಿಕೆ ಏರಬಹುದು, ಹಾಗಾಗಿ ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ "ಗುಳಿಗಿ ಹೀಟ್ ಆತು" ಎಂದು ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಖಿನ್ನತೆಯವರನ್ನು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ಭಾರಿ ಹುರುಪು, ಮಿತಿಯಿಲ್ಲದ ಮಾತು, ಕೈ ಬಿಚ್ಚಿ ಖರ್ಚು ಇತ್ತಾ? ಇದ್ದರೆ ಅದು ಖಿನ್ನತೆ, ಉನ್ಮಾದ ಎರಡೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಇರಬಹುದು. ಅವರಿಗೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಕಾಯಿಲೆ ಉನ್ಮಾದದ ಕಡೆ ವಾಲಬಹುದು.

ಮಾತಿನ ಚಿಕಿತ್ಸೆಯ ದಾರಿಯೂ ಬೇರೆ. ಆತಂಕದವರು ಹೆದರಿ ಬಿಟ್ಟ ಜಾಗ, ಬಿಟ್ಟ ಕೆಲಸಕ್ಕೆ ಹಂತಹಂತವಾಗಿ ಮರಳಬೇಕು. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಖಿನ್ನತೆಯವರು ಮನಸ್ಸು ಬರಲಿ ಎಂದು ಕಾಯದೆ ಸಣ್ಣ ಸಣ್ಣ ಕೆಲಸ ಮತ್ತೆ ಶುರು ಮಾಡಬೇಕು, ಮನಸ್ಸು ಆಮೇಲೆ ಹಿಂದೆ ಬರುತ್ತದೆ. ಇದಕ್ಕೆ ದೊಡ್ಡ ತಜ್ಞರೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಖಿನ್ನತೆಯವರಿಗೆ ಆರರಿಂದ ಎಂಟು ಸಲ ಕೂತು ಇಂಥ ಚಿಕಿತ್ಸೆ ಕೊಟ್ಟರು. ಮಾಮೂಲಿ ಆರೈಕೆಗಿಂತ ಹೆಚ್ಚು ಜನ ಚೇತರಿಸಿಕೊಂಡರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು.

ಬಳ್ಳಾರಿಯಿಂದಲೇ ಶುರುವಾದದ್ದು

ಇಲ್ಲಿ ನಮ್ಮ ಸೀಮೆಯವರು ಹೆಮ್ಮೆ ಪಡಬೇಕಾದ ವಿಷಯ ಒಂದಿದೆ. ಬಹಳ ಜನರಿಗೆ ಇದು ಗೊತ್ತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದು ಒಂದು ಜಿಲ್ಲೆಯಲ್ಲಿ ಹೇಗೆ ನಡೆಯಬಲ್ಲದು ಎಂದು ತೋರಿಸಲು ನಿಮ್ಹಾನ್ಸ್ 1985ರಿಂದ 1990ರವರೆಗೆ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟರು. ಮನೋರೋಗದ ಕೆಲವು ಮುಖ್ಯ ಔಷಧಗಳು ಕೆಳಹಂತದಲ್ಲೇ ಸಿಗುವಂತೆ ಮಾಡಿದರು. ಸರಳ ದಾಖಲೆ ಇಟ್ಟು ತಿಂಗಳು ತಿಂಗಳು ವರದಿ ನೋಡಿದರು. ಇದೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು.

ಆಗ ಹೆಚ್ಚು ಒತ್ತು ಬಿದ್ದದ್ದು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲೆ. ಆ ಕಾಲಕ್ಕೆ ಅದು ಸರಿಯೇ. ಆದರೆ ಆತಂಕ, ಖಿನ್ನತೆ ಹಿಂದೆ ಉಳಿದವು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ 12 ರಾಜ್ಯಗಳಲ್ಲಿ, ಖಿನ್ನತೆ ಇದ್ದವರಲ್ಲಿ ಶೇ 85ರ ಸುಮಾರು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಂದು ಸವಲತ್ತು ಮೊದಲಿಗಿಂತ ಹೆಚ್ಚಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನಾವಳಿಗಳೂ ಇವೆ. ಖಿನ್ನತೆಗೆ ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9, ಆತಂಕಕ್ಕೆ ಏಳು ಪ್ರಶ್ನೆಯ ಜಿಎಡಿ-7. ಎರಡರಲ್ಲೂ 10 ಅಥವಾ ಹೆಚ್ಚು ಅಂಕ ಬಂದರೆ ಮುಂದೆ ಪರೀಕ್ಷೆ ಬೇಕು ಎಂದರ್ಥ. ಈಗ ಹುಡುಗರು ಮೊಬೈಲಲ್ಲೇ ಇವನ್ನು ತುಂಬಿ "ನನಗೆ ಡಿಪ್ರೆಷನ್" ಎಂದು ತೀರ್ಮಾನಿಸಿಬಿಡುತ್ತಾರೆ. ಇವು ಅನುಮಾನ ಹುಟ್ಟಿಸುವ ಸಾಧನ, ಕಾಯಿಲೆ ಇಂಥದ್ದೇ ಎಂದು ಹೇಳುವ ಸಾಧನವಲ್ಲ. ಲಕ್ಷಣಗಳು ಬೆರೆತಿರುವುದರಿಂದ ಎರಡರಲ್ಲೂ ಅಂಕ ಒಟ್ಟಿಗೇ ಏರುತ್ತದೆ. ಒಟ್ಟು ಅಂಕಕ್ಕಿಂತ ಆಸಕ್ತಿಯ ಪ್ರಶ್ನೆಗೆ, ಸಾವಿನ ಯೋಚನೆಯ ಪ್ರಶ್ನೆಗೆ ಬಂದ ಉತ್ತರವನ್ನು ಮೊದಲು ನೋಡಬೇಕು. ಸಾವಿನ ಪ್ರಶ್ನೆಗೆ "ಹೌದು" ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಮಾತಾಡಬೇಕು.

ನಾನು ಕೇಳುವ ಬದಲಾವಣೆ ದೊಡ್ಡದಲ್ಲ. ಓಪಿಡಿ ಚೀಟಿಯಲ್ಲಿ "ಟೆನ್ಷನ್" ಎಂಬ ಸಾಲಿನ ಜಾಗದಲ್ಲಿ ಮೂರು ಉತ್ತರ ಇರಲಿ: ಆಸಕ್ತಿ ಇದೆಯೋ ಇಲ್ಲವೋ, ನಿದ್ದೆ ಯಾವ ಹೊತ್ತಲ್ಲಿ ಕೆಡುತ್ತದೆ, ಸಾವಿನ ಯೋಚನೆ ಇದೆಯೋ ಇಲ್ಲವೋ. ಮೊದಲ ದಿನದ ತೀರ್ಮಾನ ತಪ್ಪಿರಬಹುದು, ತಜ್ಞರದ್ದೂ ತಪ್ಪುತ್ತದೆ. ಎರಡು ವಾರ ಬಿಟ್ಟು ಅದೇ ಹೆಂಗಸು ಮರಳಿ ಬಂದಾಗ ಕುರ್ಚಿಯಲ್ಲಿ ಬೇರೆ ವೈದ್ಯರಿರಬಹುದು. ಅವರು ಮೊದಲಿನಿಂದ ಶುರು ಮಾಡದೆ ಆ ಮೂರು ಉತ್ತರವನ್ನು ಇವತ್ತಿನದರ ಜೊತೆ ಹೋಲಿಸಿ ನೋಡಬಹುದು. ಎದೆಬಡಿತ ಇಳಿದಿದೆ, ಆದರೆ ಯಾತಕ್ಕೂ ಮನಸ್ಸಿಲ್ಲ ಎಂಬುದು ಹಾಗೆಯೇ ಇದ್ದರೆ, ಮಂಗಳವಾರದ ಮನೋವೈದ್ಯರಿಗೆ ಅವಳನ್ನು ಕಳಿಸಲು ಅಷ್ಟೇ ಸಾಕು.